ಹಲ್ಲಿಲ್ಲದ ಗಿರಾಕಿ

ಆ ದಿನ ಶಿವಪುತ್ರಪ್ಪ ತನ್ನ ಚೀಲವನ್ನು ಶಿರಸಿಯ ಬಾಡಿಗೆ ಖೋಲಿಯಲ್ಲೇ ಬಿಟ್ಟು ಬಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಬಿಡುವಂತಿರಲಿಲ್ಲ. ಚೀಲದಲ್ಲಿ ಉಳಿದಿದ್ದ ಮೂರು ಡಜನ್ ‘ಕುಂದಕಲಿ ದಂತಮಂಜನ’ದ ಡಬ್ಬಿಗಳನ್ನು ಸಂಜೆ ಸಿದ್ದಾಪುರದಲ್ಲಿ ಕಂಪನಿಯ ಮನುಷ್ಯನಿಗೆ ಒಪ್ಪಿಸಿ, ಹಲ್ಲುಪುಡಿ ಮಾರುವ ಕೆಲಸಕ್ಕೆ ಕೈಮುಗಿಯಬೇಕಿತ್ತು. ಸಿದ್ದಾಪುರದ ದಾರಿಯಲ್ಲಿ ಕಾನಸೂರು. ಕಾನಸೂರಿನಲ್ಲಿ ಗಿರಿಜಾ.

ಗಿರಿಜಾ ಕಿರಾಣಿ ಅಂಗಡಿ ಚಂದ್ರಶೇಖರಪ್ಪನವರ ಮಗಳು. ವರ್ಷದ ಹಿಂದೆ ಶಿವಪುತ್ರಪ್ಪ ಅವರ ಜಗಲಿಯಲ್ಲಿ ನೀರು ಕೇಳಿದಾಗ ತಂಬಿಗೆ ತಂದುಕೊಟ್ಟು, ಡಬ್ಬಿಯ ಮೇಲೆ ನಗುತ್ತಿದ್ದ ಹೆಂಗಸಿನ ಚಿತ್ರವನ್ನೇ ನೋಡುತ್ತ ನಿಂತಿದ್ದಳು. ಆಮೇಲೆ, “ಈಕಿಗೆ ಮೂವತ್ತಾರು ಹಲ್ಲು ಅದಾವಲ್ರಿ!” ಅಂದಳು. ಅವನು ಖೋಲಿಗೆ ಹೋಗಿ ಎಣಿಸಿ ನೋಡಿದ. ನಿಜ, ಮೂವತ್ತಾರೇ. ಸಾವಿರಾರು ಡಬ್ಬಿ ಮಾರಿದ್ದರೂ ತನಗೆ ಕಾಣದ್ದು ಒಂದು ತಂಬಿಗೆ ನೀರು ಕೊಡುವಷ್ಟರಲ್ಲಿ ಅವಳಿಗೆ ಕಂಡಿತ್ತು. ಅಂದಿನಿಂದ ಅವನು ಗಿರಾಕಿಗಳಿಗೆ, “ಚಿತ್ರದಾಗ ನಾಕು ಹಲ್ಲು ಜಾಸ್ತಿ ಅದಾವ್ರಿ, ಅದನ್ನ ನಂಬಬ್ಯಾಡ್ರಿ” ಎಂದು ಮೊದಲೇ ಹೇಳಿಬಿಡುತ್ತಿದ್ದ. ವ್ಯಾಪಾರ ಬಿತ್ತು. ಗಿರಿಜಾ ಮಾತ್ರ ಮನಸ್ಸಿನಿಂದ ಇಳಿಯಲಿಲ್ಲ.

ಬನವಾಸಿ ಕಡೆಯ ಹಿರಿಯರೊಬ್ಬರು ಸಂಬಂಧದ ಮಾತು ಎತ್ತಿದ್ದರು. ಕುಲಗೋತ್ರಕ್ಕೆ ಅಡ್ಡಿ ಇರಲಿಲ್ಲ. ಅಡ್ಡಿ ಇದ್ದದ್ದು ಆ ಚೀಲಕ್ಕೆ. “ಊರೂರು ತಿರುಗಿ ಮಾರೋವಗ ಮಗಳನ್ನ ಕೊಡಾಂಗಿಲ್ಲ. ಅವರ ಬಾಯಾಗ ನಿಜ ನಿಲ್ಲೂದಿಲ್ಲ” ಎಂದು ಚಂದ್ರಶೇಖರಪ್ಪ ಹೇಳಿ ಕಳಿಸಿದ್ದರು. ಅದಕ್ಕೇ ಶಿವಪುತ್ರಪ್ಪ ಹಾನಗಲ್ಲಿನ ಅಕ್ಕಿ ಗಿರಣಿಯಲ್ಲಿ ಗುಮಾಸ್ತಿಕೆ ಹುಡುಕಿಕೊಂಡು, ನೇಮಕದ ಪತ್ರವನ್ನು ಎದೆಯ ಜೇಬಿನಲ್ಲಿಟ್ಟು, ಮುಂಜಾನೆಯ ಬಸ್ಸಿಗೆ ಬಂದಿಳಿದಿದ್ದ.

ಚಂದ್ರಶೇಖರಪ್ಪ ಪತ್ರವನ್ನು ಓದಿದರು. ತಿರುಗಿಸಿ ನೋಡಿದರು. ಎರಡು ಬೆರಳಲ್ಲಿ ಉಜ್ಜಿದರು.

“ಕಾಗದ ಚಲೋ ಐತಿ. ಅಚ್ಚೇರು ಸಕ್ಕರಿ ತಡೀತದ.”

“ಅದು ಪೊಟ್ಟಣಕ್ಕಲ್ರಿ ಸಾವಕಾರ್ರ, ನೌಕರಿ ಪತ್ರ.”

“ನೀವು ಅಂತೀರಿ. ಮಾರೋ ಮಂದಿ ಕತ್ತಿಗೂ ಕುದುರಿ ಅಂತ ಚೀಟಿ ಹಚ್ಚತಾರ.”

“ನೀವೂ ಅಂಗಡಿ ಇಟ್ಟೀರಲ್ರಿ…”

ಬಾಯಿಂದ ಜಾರಿದ ಮಾತು. ಚಂದ್ರಶೇಖರಪ್ಪನವರ ಹುಬ್ಬು ಮೇಲೇರಿತು. “ಅಂಗಡಿ ಇಟ್ಟವ ಮಾರಾಂಗಿಲ್ಲ ತಮ್ಮಾ, ಕೊಡತಾನ. ಕೇಳಿದವರಿಗೆ ಕೊಡತಾನ. ಕೇಳದವರ ಮನಿಗೆ ಹೋಗಿ ಹೇರೋದು ಮಾರೋದು.” ಪತ್ರವನ್ನು ತಮ್ಮ ಜೇಬಿಗೇ ಇಳಿಸಿಕೊಂಡು ಎದ್ದರು. “ಸಂಜಿ ಬಸ್ಸಿನ ಹೊತ್ತಿಗೆ ಉತ್ತರ ಹೇಳತೀನಿ. ಅಲ್ಲೀತನಕ ಇಲ್ಲೇ ಜಗಲಿ ಮ್ಯಾಲ ಕೂಡ್ರಿ. ಮಾರೋದು ಬಿಟ್ಟೀನಿ ಅಂತೀರಿ, ನೋಡೂಣು. ಈ ಚೀಲದಿಂದ ಒಂದು ಡಬ್ಬಿ ಮಾರಿದಿರೋ, ಹುಡುಗಿ ಮಾತು ಮರತುಬಿಡ್ರಿ.”

ಒಂದು ಡಬ್ಬಿಯನ್ನೂ ಮಾರದೆ ದಿನ ಕಳೆಯುವುದು ಶಿವಪುತ್ರಪ್ಪನಿಗೆ ಕಷ್ಟದ್ದೇನಲ್ಲ. ಕಳೆದ ವರ್ಷ ಅಂಥ ದಿನಗಳೇ ಹೆಚ್ಚು. ಅವನು ಚೀಲವನ್ನು ಕಂಬದ ಹಿಂದೆ ಸರಿಸಿ, ಪರೀಕ್ಷೆಗೆ ಕೂತ ಹುಡುಗನಂತೆ ಕೈಕಟ್ಟಿ ಕೂತ. ಕಂಬದ ಮೊಳೆಗೆ ಒಂದು ಪಾಟಿ ನೇತಾಡುತ್ತಿತ್ತು. ಅದರ ಮೇಲೆ ಬಳಪದಲ್ಲಿ ‘ಅರಸ, ಬಸವ, ಕಮಲ’ ಎಂದು ಇರುವೆ ನಡೆದ ಹಾಗೆ ಬರೆದಿತ್ತು.

ಅವಲಕ್ಕಿಯ ತಾಟು ತಂದ ಗಿರಿಜಾಳನ್ನು ಮಾತಾಡಿಸಲು ಅವನಿಗೆ ಸಿಕ್ಕಿದ್ದು ಅದೊಂದೇ. “ಪಾಟಿ ಯಾರದ್ರಿ?”

“ನಮ್ಮನಿ ಸಣ್ಣ ಹುಡುಗೀದು. ರಾತ್ರಿ ಸಾಲಿಗೆ ಹೋಗತಾಳ” ಎಂದು ಸೆರಗು ಬಾಯಿಗೆ ಒತ್ತಿ ಒಳಗೋಡಿದಳು.

ಜಗಲಿಯ ಇನ್ನೊಂದು ತುದಿಯಲ್ಲಿ ಚಂದ್ರಶೇಖರಪ್ಪನವರ ತಾಯಿ ಗುರುಶಾಂತವ್ವ ತಲೆಗೆ ಬಟ್ಟೆ ಬಿಗಿದು ಕೂತಿದ್ದಳು. ಎಪ್ಪತ್ತು ದಾಟಿದ ಜೀವ. ಬಾಯಲ್ಲಿ ಹೆಸರಿಗೂ ಒಂದು ಹಲ್ಲಿಲ್ಲ. ಬಿಸಿಲೇರಿದ ಹಾಗೆ ತಲೆನೋವೂ ಏರುತ್ತಿತ್ತು.

“ಚೀಲದಾಗ ಏನೈತೋ ತಮ್ಮಾ?”

“ಏನಿಲ್ಲಜ್ಜಿ.”

“ಏನಿಲ್ಲದ್ದು ಇಷ್ಟು ಭಾರ ಇರತೈತೇನು?”

ಶಿವಪುತ್ರಪ್ಪ ಉತ್ತರಕ್ಕೆ ಹೆದರಿ, ಕೈತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಹೋದ. ತಿರುಗಿ ಬರುವಷ್ಟರಲ್ಲಿ ಗುರುಶಾಂತವ್ವನ ತಲೆಯ ಬಟ್ಟೆ ಬಿಚ್ಚಿತ್ತು, ಒಂದು ಡಬ್ಬಿಯ ಮುಚ್ಚಳವೂ ಬಿಚ್ಚಿತ್ತು. ಹಣೆಯ ತುಂಬ ಮೂರು ಬೆರಳಲ್ಲಿ ಎಳೆದ ಬೆಳ್ಳನೆಯ ಪಟ್ಟೆ! ಕಣ್ಣುಮುಚ್ಚಿ ಕೂತ ಮುದುಕಿಯ ಮುಖ, ಅತ್ತು ಅತ್ತು ನಿದ್ದೆಹೋದ ಕೂಸಿನ ಮುಖದಂತೆ ಶಾಂತವಾಗಿತ್ತು.

“ಅಜ್ಜಿ, ಅದು ಹಣಿಗೆ ಹಚ್ಚೋದಲ್ಲ!”

“ಸುಮ್ಮನಿರೋ. ಹನ್ನೆರಡು ವರ್ಷದ ತಲಿನೋವು. ಆಹಾ, ಹಿಮ ಇಟ್ಟಾಂಗಾತು.”

ಅಷ್ಟರಲ್ಲಿ ಪಕ್ಕದ ಮನೆಯ ವೆಂಕಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು. ಕೇಳಲು ಬಂದದ್ದನ್ನು ಮರೆತು ಗುರುಶಾಂತವ್ವನ ಹಣೆಯನ್ನೇ ನೋಡಿದಳು.

“ತಲೆನೋವು ಎಂತಾಯ್ತು ಗುರುಶಾಂತವ್ವಾ?”

“ಇಳೀತವ್ವಾ.”

“ಎಂತ ಹಚ್ಚಿದ್ರಿ?”

ಗುರುಶಾಂತವ್ವ ಕಣ್ಣುಮುಚ್ಚಿಯೇ ಬೆರಳನ್ನು ಶಿವಪುತ್ರಪ್ಪನ ಕಡೆ ತೋರಿಸಿದಳು.

“ಯಾವ ಮಠದ ವಿಭೂತಿನಪ್ಪಾ ಇದು?”

“ಮಠದ್ದಲ್ರಿ ಅಕ್ಕಾರ. ಹುಬ್ಬಳ್ಳಿ ಫ್ಯಾಕ್ಟರೀದು. ಹಲ್ಲುಪುಡಿ.”

ವೆಂಕಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಹಲ್ಲುಪುಡಿಯಂತೆ! ಹಲ್ಲೇ ಇಲ್ಲದ ಮುದುಕಿಗೆ ಹಲ್ಲುಪುಡಿ ಎಂತಕ್ಕಪ್ಪಾ?”

ಇಡೀ ಹುಬ್ಬಳ್ಳಿ ಫ್ಯಾಕ್ಟರಿ ಕೂಡಿ ಕೂತರೂ ಈ ಪ್ರಶ್ನೆ ಬಗೆಹರಿಯುತ್ತಿರಲಿಲ್ಲ.

“ಮಾರುವವರು ಎಲ್ಲ ಹೀಂಗೇ. ಬೂದಿ ತಂದರೆ ಔಷಧ ಅಂಬ್ರು, ಔಷಧ ತಂದರೆ ಬಚ್ಚಿಡೂದು. ಒಂದು ಡಬ್ಬಿ ಕೊಡು ಇಲ್ಲಿ.”

“ಮಾರೋದಿಲ್ರಿ! ಇವತ್ತು ಖಂಡಿತ ಮಾರೋದಿಲ್ಲ!”

“ಮಾರಬೇಡ. ಆನು ತಗಂಡು ಹೋಗ್ತೆ” ಎಂದು ಡಬ್ಬಿಯನ್ನು ಸೆರಗಿಗೆ ಹಾಕಿಕೊಂಡು, ಹತ್ತು ನಿಮಿಷದಲ್ಲಿ ಒಂದು ದೊಡ್ಡ ಸೌತೆಕಾಯಿ ತಂದು ಅವನ ತೊಡೆಯ ಮೇಲಿಟ್ಟಳು. ಮಜ್ಜಿಗೆ ಕೊನೆಗೂ ಒಯ್ಯಲಿಲ್ಲ.

ಮಾರುವುದಿಲ್ಲ ಅಂದದ್ದೇ ಮುಳುವಾಯಿತು. ಮಾರುವವನೊಬ್ಬ ಮಾರುವುದಿಲ್ಲ ಅನ್ನುತ್ತಿದ್ದಾನೆ, ಅಂದಮೇಲೆ ಅದು ಎಂಥ ಸರಕಿರಬೇಕು ಎಂದು ಕೇರಿಗೆ ಕೇರಿಯೇ ಎದ್ದಿತು. ಒಬ್ಬಳು ಬೆಲ್ಲದ ಅಚ್ಚು ತಂದಳು, ಇನ್ನೊಬ್ಬಳು ತೆಂಗಿನಕಾಯಿ ಉರುಳಿಸಿದಳು. ಶಿವಪುತ್ರಪ್ಪ ಡಬ್ಬಿ ಎತ್ತಿ ಹಿಡಿದು, “ನೋಡ್ರಿ, ಚಿತ್ರ ನೋಡ್ರಿ, ಹಲ್ಲು ಅದಾವ!” ಎಂದ.

“ತಲೆನೋವು ಹೋದ್ದಕ್ಕೆ ನಗ್ತಾ ಇದ್ದು ಪಾಪ” ಎಂದಳು ವೆಂಕಮ್ಮ, ಚಿತ್ರದ ಹೆಂಗಸನ್ನು ಬಹಳ ದಿನದಿಂದ ಬಲ್ಲವಳಂತೆ.

ಕೊನೆಗೆ ಬಂದವನು ಗಾಡಿ ಹೊಡೆಯುವ ಗಣಪ. ಅವನ ಹೆಂಡತಿಗೆ ಮೂರು ದಿನದಿಂದ ತಲೆ ಎತ್ತಲಾಗುತ್ತಿರಲಿಲ್ಲ. ಅವನು ನಂಬಿಕೆಯಿಂದ ಕಂಕುಳಲ್ಲಿ ಒಂದು ಕೋಳಿ ಹಿಡಿದು ತಂದಿದ್ದ.

“ಏ ಗಣಪಾ! ಲಿಂಗವಂತರ ಜಗಲಿಗೆ ಕೋಳಿ ತಂದ್ಯನೋ!” ಎಂದು ವೆಂಕಮ್ಮ ಕೂಗಿದಳು. ಬೆದರಿದ ಗಣಪ ಕೈ ಸಡಿಲಿಸಿದ. ಕೋಳಿ ನೇರ ನಡುಮನೆಗೆ ನುಗ್ಗಿತು. ಅದರ ಹಿಂದೆ ಶಿವಪುತ್ರಪ್ಪ, ಅವನ ಹಿಂದೆ ಗಣಪ, ಗಣಪನ ಹಿಂದೆ ಸೌದೆ ಹಿಡಿದ ವೆಂಕಮ್ಮ. ಅಡಿಗೆಮನೆಯ ಬಾಗಿಲಲ್ಲಿ ಗಿರಿಜಾ ಬುಟ್ಟಿ ಕವುಚಿ ಕೋಳಿಯನ್ನು ಹಿಡಿದಳು. ಹಿಡಿಯಲು ಬಗ್ಗಿದ ಶಿವಪುತ್ರಪ್ಪನ ತಲೆ ಅವಳ ತಲೆಗೆ ಡಿಕ್ಕಿ ಹೊಡೆಯಿತು.

“ನೋವಾತೇನ್ರಿ?” ಎಂದ ಅವನು.

“ಆದ್ರ ಏನಾತು? ಪುಡಿ ಐತಲ್ಲ” ಎಂದಳು ಅವಳು, ಹಣೆ ಉಜ್ಜಿಕೊಳ್ಳುತ್ತ. ಆ ಗಲಾಟೆಯಲ್ಲೂ ಇಬ್ಬರೂ ನಕ್ಕರು.

ನಗು ಮುಗಿಯುವ ಮೊದಲೇ ಹಿಂದಿನಿಂದ ಕೆಮ್ಮು ಕೇಳಿಸಿತು. ಚಂದ್ರಶೇಖರಪ್ಪ! ಅವರ ಕಣ್ಣು ಬುಟ್ಟಿಯೊಳಗೆ ಕೊಕ್ಕೊಕ್ಕೆನ್ನುವ ಕೋಳಿಯ ಮೇಲೆ ಬಿತ್ತು, ಜಗಲಿಯ ಮೇಲಿನ ಸೌತೆಕಾಯಿ-ಬೆಲ್ಲದ ರಾಶಿಯ ಮೇಲೆ ಬಿತ್ತು, ಕಡೆಗೆ ಸೊರಗಿದ ಚೀಲದ ಮೇಲೆ ಬಿತ್ತು. ಗಣಪ ಕೋಳಿಯನ್ನೂ ಕೊನೆಯ ಡಬ್ಬಿಯನ್ನೂ ಹಿಡಿದು ಮೆಲ್ಲಗೆ ಜಾರಿದ.

“ಎಷ್ಟು ಮಾರಿದಿರಿ?”

“ಒಂದೂ ಮಾರಿಲ್ರಿ” ಎಂದ ಶಿವಪುತ್ರಪ್ಪ. “ಎಲ್ಲಾ ಹೋದವು.”

“ಮುಂಜಾನಿಂದ ಅಂಗಡಿಗೆ ಬಂದವರೆಲ್ಲ ತಂಪು ವಿಭೂತಿ ಐತೇನು ಅಂತ ಕೇಳತಾರ. ನೀವು ಅದನ್ನ ವಿಭೂತಿ ಅಂದಿರೇನು?”

“ಇಲ್ರಿ! ಹಲ್ಲುಪುಡಿ ಅಂತ ಬಂದವರಿಗೆಲ್ಲ ಹೇಳೀನಿ. ನಿಮ್ಮ ತಾಯಿ ಎದುರಿಗೇ ಹೇಳೀನಿ.”

“ಹೌದು, ಹೇಳಿದ” ಎಂದಳು ಗುರುಶಾಂತವ್ವ, ಕಣ್ಣುಮುಚ್ಚಿಯೇ.

ಚಂದ್ರಶೇಖರಪ್ಪ ಬೆಲ್ಲದ ಅಚ್ಚು ಎತ್ತಿ ತೂಕ ನೋಡಿದರು. ಯೋಚಿಸುವಾಗ ಕೈ ಸುಮ್ಮನಿರದ ಮನುಷ್ಯ. ಜೇಬಿನಿಂದ ಒಂದು ಕಾಗದ ತೆಗೆದು, ಅಚ್ಚನ್ನು ಅದರಲ್ಲಿಟ್ಟು, ಮಡಿಸಿ, ದಾರ ಸುತ್ತಿ, ಗಂಟು ಹಾಕಿದರು. ಶಿವಪುತ್ರಪ್ಪ ತನ್ನ ಗುಮಾಸ್ತಿಕೆ ಬೆಲ್ಲದ ಪೊಟ್ಟಣವಾಗುವುದನ್ನು ನಿಂತು ನೋಡಿದ.

“ಸುಳ್ಳು ಹೇಳಿ ಮಾರೋರನ್ನ ಬೇಕಾದಷ್ಟು ನೋಡೀನಿ. ನಿಜ ಹೇಳಿ ಚೀಲ ಖಾಲಿ ಮಾಡಿದವನನ್ನ ಇವತ್ತ ನೋಡಿದ್ದು. ಹುಡುಗಿ ಕೊಡತೀನಿ.”

ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಶಿವಪುತ್ರಪ್ಪನಿಗೆ ಆ ಸದ್ದು ಓಲಗದಂತೆ ಕೇಳಿಸಿತು.

“ಆದ್ರ ಒಂದು ಮಾತು. ಆ ಗಿರಣಿ ನೌಕರಿ ಬ್ಯಾಡ. ಚೀಲ ಕೆಳಗಿಡಬ್ಯಾಡ್ರಿ. ತಿಂಗಳಾ ತಿಂಗಳಾ ಆರು ಡಜನ್ ನನ್ನ ಅಂಗಡಿಗೆ ತಂದು ಹಾಕಬೇಕು.”

“ಅದು ಹಲ್ಲುಪುಡಿ ರೀ, ಮಾವಾರ!”

“ಹಲ್ಲಿಗೆ ಹಚ್ಚಲಿ, ಹಣಿಗೆ ಹಚ್ಚಲಿ, ಗಿರಾಕಿ ಇಚ್ಛಾ. ನಾ ಏನು ಮಾರತೀನೇನು? ಕೇಳಿದವರಿಗೆ ಕೊಡತೀನಿ.” ಚಂದ್ರಶೇಖರಪ್ಪ ಪೊಟ್ಟಣ ಹಿಡಿದು ಅಂಗಡಿಗೆ ನಡೆದರು.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಂಪನಿಯ ಮನುಷ್ಯನಿಗೆ ಕೆಲಸ ಬಿಟ್ಟೆ ಎನ್ನಬೇಕಾದವನು ಈಗ ಹೊಸ ಆರು ಡಜನ್ ಬೇಕು ಎನ್ನಬೇಕಿತ್ತು. ಶಿವಪುತ್ರಪ್ಪ ಜಗಲಿಯ ತುದಿಯಲ್ಲಿ ಕುಸಿದು ಕೂತ. ಪಕ್ಕದಲ್ಲಿ ಗುರುಶಾಂತವ್ವ ತನ್ನ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, ಬೆರಳನ್ನು ಅಕ್ಷರದಿಂದ ಅಕ್ಷರಕ್ಕೆ ಸರಿಸುತ್ತ, ಮೆಲ್ಲಗೆ ಗುಣುಗುಣಿಸುತ್ತಿದ್ದಳು.

“ದಂ…ತ…ಮಂ…ಜ…ನ. ಪು…ದೀ…ನಾ. ಕ…ರ್ಪೂ…ರ.”

ಶಿವಪುತ್ರಪ್ಪ ಪಾಟಿಯನ್ನು ನೋಡಿದ. ಮುದುಕಿಯನ್ನು ನೋಡಿದ. ಮನೆಯ ಸಣ್ಣ ಹುಡುಗಿ ಯಾರೆಂದು ಆಗ ತಿಳಿಯಿತು.

“ಅಜ್ಜಿ! ನಿಮಗ ಮೊದಲೇ ಗೊತ್ತಿತ್ತು!”

“ಓದೇ ಹಚ್ಚಿಕೊಂಡೆ. ಪುದೀನಾ ತಂಪಲ್ಲೇನು? ತಲಿನೋವು ಖರೇ, ಇಳಿದದ್ದೂ ಖರೇ. ವಿಭೂತಿ ಅಂತ ನಾ ಯಾರಿಗಾದ್ರೂ ಅಂದೆನೇನು?”

“ಮತ್ತ ಯಾಕ ಸುಮ್ಮನ ಕೂತಿರಿ? ನನ್ನ ನೌಕರಿ ಹೋತಲ್ಲ!”

ಗುರುಶಾಂತವ್ವ ಡಬ್ಬಿಯನ್ನು ಮಡಿಲಿಗೆ ಇಳಿಸಿದಳು.

“ಹಾನಗಲ್ಲು ದೂರ ಐತೋ ತಮ್ಮಾ. ಗುಮಾಸ್ತನ ಹೇಂತಿ ವರ್ಷಕ್ಕೊಮ್ಮಿ ಪಂಚಮಿಗೆ ಬರತಾಳ. ನನ್ನ ಹತ್ರ ಎಷ್ಟು ಪಂಚಮಿ ಉಳದಾವ? ಶಿರಸಿಯಾಗ ಖೋಲಿ ಹಿಡಕೊಂಡು ತಿರುಗೋವಾದ್ರ ತಿಂಗಳಿಗೊಮ್ಮಿ ಕಾನಸೂರಿಗೆ ಬರಲೇಬೇಕು. ಗಿರಿಜಾನ್ನೂ ಕರಕೊಂಡು ಬರತಿ.”

ಶಿವಪುತ್ರಪ್ಪನ ಸಿಟ್ಟು ಬಾಯಿಯವರೆಗೆ ಬಂದು ಅಲ್ಲೇ ಕರಗಿತು. ಅವನು ಕೈಮುಗಿಯುವ ಧ್ವನಿಯಲ್ಲಿ ಕೇಳಿದ:

“ಆತಜ್ಜಿ, ತಿಂಗಳಾ ಬರತೀನಿ. ಆದ್ರ ಊರ ಮಂದಿಗೆ ನೀವಾದ್ರೂ ಇದು ಹಲ್ಲುಪುಡಿ ಅಂತ ಹೇಳ್ರಿ. ನಿಮ್ಮ ಮಾತು ನಂಬತಾರ.”

“ನಿನ್ನೆ ಹೇಳಿದ್ರ ನಂಬತಿದ್ರು” ಎಂದಳು ಗುರುಶಾಂತವ್ವ, ಮೂರು ಬೆರಳನ್ನು ಮತ್ತೆ ಡಬ್ಬಿಗೆ ಇಳಿಸುತ್ತ. “ಇವತ್ತಿಂದ ನಾನೂ ಮಾರೋರ ಪೈಕಿ ಆದೆನಲ್ಲೋ.”