ಹೋಗಿ ಬನ್ನಿ ಎಂದರೂ ಹೋಗದ ಕ್ಲಾರಿ

"ನಿನ್ನೆ ಲಾಗ್ ಔಟ್ ಮಾಡೇ ಎದ್ದಿದ್ದು ಕಣೋ ಕ್ಲಾರಿ! ಇದೇ ಬೆರಳಲ್ಲಿ ಒತ್ತಿದೀನಿ."

"ಹಾಗಾದ್ರೆ ನಿನ್ನ ಸ್ಪಾಂಜ್ ಕೇಕನ್ನ ಸ್ಪರ್ಧೆಯಿಂದ ತೆಗೆದೋರು ಯಾರು? ಸೂರಿನ ಮೇಲೆ ಓಡಾಡೋ ಆ ಪಾಸಮ್ ಪ್ರಾಣಿನಾ?"

ಟಾಸ್ಮೇನಿಯಾದ ಆ ಪುಟ್ಟ ಊರಿನಲ್ಲಿ ನಾಳೆಯೇ ಕೃಷಿ ಮೇಳ. ಸ್ಪರ್ಧೆಗೆ ಹೆಸರು ಕೊಡುವ ಗಡುವು ನಿನ್ನೆಗೇ ಮುಗಿದಿತ್ತು. ನೋಲಾ ಬಾತುಕೋಳಿಯ ಮೊಟ್ಟೆಗಳನ್ನು ವಾರವಿಡೀ ಕೂಡಿಟ್ಟು ಕೇಕು ಮಾಡಿದ್ದಳು. ಈ ಸಲವಾದರೂ ಮೊದಲ ಬಹುಮಾನದ ನೀಲಿ ಪಟ್ಟಿ ಅವಳಿಗೆ ಬೇಕಿತ್ತು. ಕ್ಲಾರಿ ಮೇಳದ ಕಾರ್ಯದರ್ಶಿ. ಹೆಸರು ಕೊಡುವ ವೆಬ್‌ಸೈಟನ್ನು ಕಟ್ಟಿದವನೂ ಅವನೇ. ಇಬ್ಬರೂ ಹೆಸರು ಕೊಟ್ಟಿದ್ದು ಮೇಳದ ಕಚೇರಿಯ ಈ ಒಂದೇ ಕಂಪ್ಯೂಟರಿನಲ್ಲಿ.

"ನಾನು ಕಟ್ಟಿದ್ದು ಭದ್ರವಾಗಿದೆ ಮಾರಾಯ್ತಿ. ನೋಡು, ನಾನೀಗ ಒಳಗಿದೀನಿ. ಲಾಗ್ ಔಟ್ ಒತ್ತಿದೆ. 'ಹೋಗಿ ಬನ್ನಿ' ಅಂತು. ಮುಗೀತು, ಹೊರಗೆ ಬಂದೆ."

ನೋಲಾ ಅವನನ್ನು ಸರಿಸಿ, ಹಿಂದಿನ ಪುಟಕ್ಕೆ ಹೋಗುವ ಬಾಣವನ್ನು ಒತ್ತಿದಳು. ಕ್ಲಾರಿಯ ಪುಟ ಜಮ್ಮೆಂದು ಬಂದು ಕೂತಿತು.

"ಹೊರಗೆ ಹೋದೋನು ಒಳಗೇ ಕೂತಿದಾನಲ್ಲೋ!"

"ಅದು ಬರೀ ಫೋಟೊ ಇದ್ದ ಹಾಗೆ. ಮುಟ್ಟಿದ್ರೆ ಏನೂ ಆಗಲ್ಲ."

"ಆಗಲ್ವಾ?"

ನೋಲಾ ಅವನ ಹೆಸರಿದ್ದ ಜಾಗದಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. 'ನಮಸ್ಕಾರ, ಪೆದ್ದ ಕ್ಲಾರಿ' ಎಂದಿತು ಪರದೆ.

"ಬಾಗಿಲ ಮೇಲೆ 'ಹೋಗಿ ಬನ್ನಿ' ಅಂತ ಬರೆದಿದೀಯ. ಚಿಲಕ ಹಾಕೋದೇ ಮರೆತಿದೀಯ."

"ಇರು, ಸರಿ ಮಾಡ್ತೀನಿ..."

"ತಾಳು. ಇಲ್ಲಿ ನಿನ್ನ ಹೆಸರಲ್ಲೂ ಒಂದು ಸ್ಪಾಂಜ್ ಕೇಕ್ ಇದೆ!"

"ಸಾಧ್ಯವೇ ಇಲ್ಲ. ನಂದು ಒಲೆಯಲ್ಲೇ ಕುಸಿದು ಹಪ್ಪಳ ಆಯ್ತು. ನಿನ್ನೆನೇ ಸ್ಪರ್ಧೆಯಿಂದ ತೆಗೆದೆ."

"ಎಲ್ಲಿ ಕೂತು?"

"ಇಲ್ಲೇ, ನೀನು ಎದ್ದು ಹೋದ್ಮೇಲೆ. 'ಹೋಗಿ ಬನ್ನಿ' ಅಂತಿತ್ತು. ಬಾಣ ಒತ್ತಿದೆ. ಸ್ಪಾಂಜ್ ಕೇಕ್ ಅಂತ ಕಾಣಿಸ್ತು. ತೆಗೆದು..."

ಕ್ಲಾರಿ ಥಟ್ಟನೆ ನೋಲಾಳ ಕಡೆ ತಿರುಗಿದ. "ಅಯ್ಯೋ, ಅದು ನಿನ್ನ ಪುಟಾನಾ?"

"ಯಾರ ಪುಟ ಅಂತ ನೋಡ್ಲಿಲ್ವಾ?"

"ಕನ್ನಡಕ ಮನೇಲಿತ್ತು."

"ಅಂತೂ ಪಾಸಮ್ ಸಿಕ್ತು," ಎಂದಳು ನೋಲಾ.

"ತಪ್ಪಾಯ್ತು. ಆದ್ರೆ ಗಡುವು ಮುಗಿದ್ಮೇಲೆ ಹೊಸ ಕೇಕು ಸೇರಿಸೋಕಾಗಲ್ಲ. ನಿಯಮ ಅಂದ್ರೆ ನಿಯಮ."

"ಸೇರಿಸಬೇಡ್ವೋ. ನಿನ್ನೆ ನೀನು ನನ್ನ ಹೆಸರಲ್ಲಿ ಒಳಗೆ ಹೋದೆ. ನಾಳೆ ನನ್ನ ಕೇಕು ನಿನ್ನ ಹೆಸರಲ್ಲಿ ಹೋಗುತ್ತೆ. ನೀಲಿ ಪಟ್ಟಿ ಬಂದ್ರೆ ನಂದು."

ಕ್ಲಾರಿ ನಿಟ್ಟುಸಿರು ಬಿಟ್ಟ. "ಆಗ್ಲಿ. ಆದ್ರೆ ಮೊದ್ಲು ಆ 'ಪೆದ್ದ' ಅಳಿಸ್ತೀನಿ."

ನೋಲಾ ಅವನ ಕೈಯನ್ನು ಮೆಲ್ಲಗೆ ತಡೆದಳು.

"ಗಡುವು ಮುಗಿದಿದೆಯಲ್ಲಪ್ಪ. ನಾಳೆ ಮೈಕ್‌ನಲ್ಲಿ 'ಪೆದ್ದ ಕ್ಲಾರಿ' ಅಂತ ಕೂಗಿದಾಗ ಹೋಗಿ ನನ್ನ ಪಟ್ಟಿ ಇಸ್ಕೊಂಡು ಬಾ."