ಎರಿ ನೆಲದಾಗ ಕಸದ ಗುಂಡಿ

ಎರಿ ನೆಲದಾಗ ಕೆಲಸ ಮಾಡಾವ್ರಿಗೆ ನಗಾಕ ಬ್ಯಾರೆ ಏನೂ ಬೇಕಾಗೂದಿಲ್ರಿ. ಈ ಕರೇ ಮಣ್ಣು ಬ್ಯಾಸಗ್ಯಾಗ ಬಾಯಿ ಬಿಡ್ತದ, ಮಳಿಗಾಲದಾಗ ಉಬ್ಬಿ ಗ್ವಾಡಿ ಸೀಳ್ತದ. ನಾ ಭೀಮರಾಯನಗುಡಿ ಕ್ಯಾಂಪಿನಾಗ ಮಣ್ಣು ಪರೀಕ್ಷಿ ಮಾಡೂ ನೌಕರಿಯವ. ಕಾಲುವಿ ಬಂದ ಮ್ಯಾಲ ಶಹಾಪುರ ಬೆಳೀತು, ಅದರ ಕೂಡ ಕಸಾನೂ ಬೆಳೀತು. ಊರ ಹೊರಗ ಕಸ ಹೂಳಾಕ ಗುಂಡಿ ಮಾಡೂ ಕೆಲಸ ನಮ್ಮ ಕೊರಳಿಗೆ ಬಿತ್ತು. ಸಿಕ್ಕಿದ್ದು ಕಾಲುವಿ ತುದಿಯ ಎರಿ ಹೊಲ. ಅದರ ತೆಳಗ ಒಬ್ಬಾಕಿ ಮುದುಕಿ ಹೊಲ, ಹೊಲದಾಗ ಬಾವಿ; ಸುತ್ತಿನ ಮನಿಯವ್ರೆಲ್ಲಾ ಕುಡಿಯೂ ನೀರು ಆ ಬಾವೀದೇ. ಮೊದಲ ದಿನಾನೇ ಬಂದು ಹೇಳಿದ್ಲು: "ನನ್ನ ಬಾವಿಗೆ ಒಂದ ಹನಿ ಕಸದ ನೀರು ಇಳೀತಂದ್ರ, ನಿಮ್ಮನ್ನೂ ಅದರಾಗ ಇಳಸ್ತೀನಿ, ನೋಡ್ರಿ!"

ಬಸ್ಸಿನಾಗ ಮಣ್ಣು

ಮೊದಲ ನೆಲದ ಗುಣ ನೋಡಬೇಕು. ನೆಲಕ್ಕ ಕಬ್ಬಿಣದ ಕೊಳವಿ ಬಡಿದು, ಒಳಗಿನ ಮಣ್ಣು ಹ್ಯಾಂಗದನೋ ಹಂಗ ತಗದು, ಬಾಯಿಗೆ ಮೇಣ ಹಚ್ಚಿ ಕ್ಯಾಂಪಿಗೆ ಒಯ್ಯಬೇಕು. ಅಲುಗಾಡಿತೋ, ಪರೀಕ್ಷಿ ಕೆಟ್ಟಂಗ. ಆವತ್ತೇ ಜೀಪು ಕೈಕೊಡ್ತು. ಮೈಸೂರು ಕಡಿಂದ ಹೊಸದಾಗಿ ಬಂದಿದ್ದ ನಮ್ಮ ಇಂಜಿನಿಯರ್ ಸಾಹೇಬ್ರು, ನಾನು, ತೊಡಿ ಮ್ಯಾಲ ಒಂದೊಂದು ಕೊಳವಿ ಇಟ್ಕೊಂಡು ಬಸ್ಸಿನಾಗ ಕುಂತ್ವಿ.

"ಸ್ವಲ್ಪ ನಿಧಾನವಾಗಿ ಓಡಿಸೋಕೆ ಹೇಳಿ," ಅಂದ್ರು ಸಾಹೇಬ್ರು ಕಂಡಕ್ಟರಗ. "ಇದರಲ್ಲಿ ಮಣ್ಣಿದೆ. ನೆಲದೊಳಗೆ ಹೇಗಿತ್ತೋ ಹಾಗೇ ಇರಬೇಕು."

ಕಂಡಕ್ಟರ್ ಟಿಕೆಟ್ ಹರಿಯೂದು ಬಿಟ್ಟು ಅವರನ್ನೇ ನೋಡಿದ. "ಸಾಹೇಬ್ರ, ಈ ಬಸ್ಸಿನಾಗ ತಿರುಗಿ ತಿರುಗಿ ನಮ್ಮ ಎಲುಬೇ ಹುಟ್ಟಿದಾಗ ಇದ್ದ ಜಾಗಾದಾಗ ಇಲ್ಲ. ನಿಮ್ಮ ಮಣ್ಣಿಗೆ ನಾ ಹ್ಯಾಂಗ ಗ್ಯಾರಂಟಿ ಕೊಡ್ಲಿ?"

ಚಾವಿ

ಬ್ಯಾಸಗಿ ಬಂತು, ಹೊಲ ಬಿರುಕು ಬಿಡ್ತು. ಸಾಹೇಬ್ರು ಬಿರುಕಿನ ದಂಡಿಗೆ ನಿಂತು ಮುದುಕಿಗೆ ಸಮಾಧಾನ ಹೇಳಾಕತ್ತಿದ್ರು. "ಚಿಂತೆ ಮಾಡಬೇಡಿ ಅಜ್ಜಿ, ಈ ಮಣ್ಣು ತುಂಬಾ ಜಿಗುಟು. ಇದರಲ್ಲಿ ಏನೂ ಕೆಳಗಿಳಿಯಲ್ಲ." ಹೇಳಾಕತ್ತಿದ್ದಂಗೇ ಅವರ ಕೈಯಾಗಿನ ಜೀಪಿನ ಚಾವಿ ಜಾರಿ ಬಿರುಕಿನಾಗ ಬಿತ್ತು. ಠಣ್ ಅನ್ನೂ ಸಪ್ಪಳಾನೂ ಬರಲಿಲ್ಲ.

ನಾವಿಬ್ರೂ ಬಕ್ಕಬಾರಲ ಮಲಗಿ ತಂತಿ ಬಿಟ್ಟು ಹುಡುಕಿದ್ದೇ ಹುಡುಕಿದ್ದು. ಮುದುಕಿ ಸೊಂಟದ ಮ್ಯಾಲ ಕೈ ಇಟ್ಕೊಂಡು ಕೇಳಿದ್ಲು: "ಚಾವಿ ಹ್ವಾದ ದಾರಿ ಕಸದ ನೀರಿಗೆ ತಿಳಿಯಂಗಿಲ್ಲೇನ್ರಿ?" ಸಾಹೇಬ್ರ ಮಾರಿ ಬಾಡಿತು. ಮರುದಿನಾನೇ ಮ್ಯಾಲಿನ ಎರಿ ತಗಸಿ, ಗುಂಡಿ ತಳಕ್ಕ ಬಿರುಕು ಬಿಡದ ಗರಸು ಮಣ್ಣು ತುಂಬಿಸಿ, ಧಮ್ಮಸ ಹೊಡಿಸಿ ಗಟ್ಟಿ ಮಾಡಿ, ಮ್ಯಾಲ ದಪ್ಪನ್ನ ಕರೇ ಪ್ಲಾಸ್ಟಿಕ್ ಹಾಳಿ ಹಾಸಾಕ ಹುಕುಂ ಮಾಡಿದ್ರು.

ಜೀಪು ಮಾತ್ರ ಎತ್ತು ಹೂಡಿ ಎಳಸಬೇಕಾತು. ದಾರಿಯಾಗ ಒಬ್ಬಾವ ಕೂಗಿ ಕೇಳಿದ, "ಸಾಹೇಬ್ರ, ಡೀಸೆಲ್ ಹಾಕೀರೋ, ಹೊಟ್ಟು ಹಾಕೀರೋ?"

ನೀರು ನಿಂದರಸೂ ಪರೀಕ್ಷಿ

ಹಾಳಿ ಹಾಸಿದ ಮ್ಯಾಲ ಸೋರ್ತದೋ ಇಲ್ಲೋ ನೋಡಬೇಕಲ್ಲ? ಟ್ಯಾಂಕರಲೇ ನೀರು ತರಿಸಿ ಗುಂಡಿಯಾಗ ಸೊಂಟದ ಮಟ ನಿಂದರಿಸಿದ್ವಿ. ನೀರು ಅಷ್ಟೇ ಉಳೀತಂದ್ರ ಬಾವಿಗೆ ಧೋಕಾ ಇಲ್ಲ. ಮರುದಿನ ಯಾದಗಿರಿಂದ ದೊಡ್ಡ ಸಾಹೇಬ್ರು ನೋಡಾಕ ಬಂದ್ರು. ಬಗ್ಗಿ ನೋಡಿದ್ರ, ಗುಂಡಿಯಾಗ ಕಾಲು ತೊಳ್ಯಾಕೂ ನೀರಿಲ್ಲ!

ದೊಡ್ಡ ಸಾಹೇಬ್ರು ನಮ್ಮ ಸಣ್ಣ ಸಾಹೇಬ್ರನ್ನ ಎಲ್ಲಾರ ಮುಂದ ಬೈದು ನೀರಿಳಿಸಿದ್ರು. "ಇದು ಹಾಳಿ ಏನ್ರಿ, ಹಿಟ್ಟಿನ ಜರಡಿ!" ಸಣ್ಣ ಸಾಹೇಬ್ರ ಕಣ್ಣಾಗ ನೀರು ಬಂತು. ನನಗೂ ಕೆಟ್ಟನ್ನಸ್ತು, ಪಾಪ, ಬಿಸಲಾಗ ನಿಂತು ಮಾಡಿಸಿದ್ರು. ಅವರು ಸೀದಾ, ದಂಡಿಗೆ ನಿಂತಿದ್ದ ಮುದುಕಿ ಹತ್ರ ಹೋಗಿ ಕೈ ಮುಗಿದ್ರು. "ಅಜ್ಜಿ, ನಿಮ್ಮ ಬಾವಿ ಕಾಯೋಕೆ ನನ್ನ ಕೈಲಿ ಆಗಲಿಲ್ಲ."

ಮುದುಕಿ ಸೆರಗು ಬಾಯಿಗೆ ಹಚ್ಕೊಂಡು ನಿಂತಾಕಿ, ಕಡಿಗೆ ತಡಕೊಳ್ಳಲಿಲ್ಲ. "ಯವ್ವಾ, ಅಳಬ್ಯಾಡೋ ನಮ್ಮಪ್ಪಾ! ನಿನ್ನ ಗುಂಡಿ ಸೋರಿಲ್ಲ. ನಾನೇ ರಾತ್ರಿ ಪಂಪ್ ಹಚ್ಚಿ ಹೊಲಕ್ಕ ಎತ್ತಿಸೀನಿ. ಕಾಲುವಿ ನೀರು ನಮ್ಮ ತುದಿಗೆ ಎಲ್ಲಿ ಮುಟ್ಟತದ?"

ದೊಡ್ಡ ಸಾಹೇಬ್ರು ಮತ್ತೊಮ್ಮೆ ಗುಂಡಿಯಾಗ ಬಗ್ಗಿ ನೋಡಿದ್ರು. "ಎಲ್ಲಾ ನೀರೂ ನೀನೇ ಎತ್ತಿಸೀಯೇನು?"

"ಎಲ್ಲಾನೂ ರೀ. ಒಂದ ಹನಿನೂ ನೆಲಕ್ಕ ಬಿಟ್ಟಿಲ್ಲ, ಅಷ್ಟು ಗಟ್ಟಿ ಮಾಡ್ಯಾನ ಹುಡುಗ. ನನ್ನ ಬಾವಿ ಫಿಕರ್ ಹೋತು, ನೀವು ಖುಷಾಲ ಕಸ ಹಾಕ್ರಿ."

ಸಣ್ಣ ಸಾಹೇಬ್ರು ಕಣ್ಣೊರಸಿಕೊಂಡು ನಕ್ರು. ಮುದುಕಿ ಅವರ ಬಾಜೂಕ ಸರದು ಹೇಳಿದ್ಲು:

"ಆದ್ರ ಗಡಿಬಿಡಿ ಮಾಡಬ್ಯಾಡ್ರಿ. ಇನ್ನೊಂದೆರಡು ಸಲ ನೀರು ತುಂಬಿ ಪರೀಕ್ಷಿ ಮಾಡ್ರಿ. ನನ್ನ ಭತ್ತ ಈಗಷ್ಟೇ ಕಾಳು ಕಟ್ಟಾಕತ್ತದ."