ಗೋಡೆಯಾಚೆಯ ಸಂಸಾರ

ಪಕ್ಕದ ಮನೆಯ ಡ್ರೈವರು ಹೆಂಡತಿಯನ್ನು ಕಳೆದುಕೊಂಡ ಮೇಲೆ ಗಡ್ಡ ಬಿಟ್ಟುಬಿಟ್ಟಿದ್ದರು. ಅದನ್ನು ನೋಡಿ, ಅಂಗಡಿ ಮುಚ್ಚಿ ಮನೆಯಲ್ಲೇ ಕೂತಿದ್ದ ನಮ್ಮ ಟೈಲರಿಗೆ ಜ್ಞಾನೋದಯವಾಯಿತು. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಇತ್ತ ಗಂಡ ಹೆಂಡಿರ ಜಗಳ ಕೇಳಿ ಕೇಳಿ, ಅತ್ತ ಆ ಒಂಟಿ ಜೀವಕ್ಕೆ ಎಷ್ಟು ಸಂಕಟವಾಗುತ್ತಿರಬೇಡ!

"ಇವತ್ತಿಂದ ಈ ಮನೇಲಿ ಕದನವಿರಾಮ," ಎಂದು ಘೋಷಿಸಿದರು. (ಇವರು ಜೋರಾಗಿ ಹಾಕಿದ್ದ ಫ್ಯಾನನ್ನು ಹೆಂಡತಿ ಆಗಷ್ಟೇ ಆರಿಸಿ ಗೆದ್ದಿದ್ದಳು ಎಂಬುದು ಬೇರೆ ಮಾತು.)

"ಭಾವ ಹೋದ್ಮೇಲೆ ನಮ್ಮಕ್ಕ ಈಜು ಕಲಿತಳು, ಊರೂರು ಸುತ್ತುತ್ತಾಳೆ. ನೀವು ಗಂಡಸರು ಯಾಕ್ರೀ ಹೀಗೆ ಮಂಕು ಬಡಿದು ಕೂತ್ಬಿಡ್ತೀರಾ?" ಎಂದಳು ಹೆಂಡತಿ.

"ನಾನು ಹೋದ್ರೆ ನೀನೂ ಈಜೋಕೆ ಹೊರಡ್ತೀಯಾ?" ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಕದನವಿರಾಮ ನೆನಪಾಗಿ ಟೈಲರು ನುಂಗಿಕೊಂಡರು.

ಮನೆ ತೆಪ್ಪಗಾಯಿತು. ಕನ್ನಡಕ ಎಲ್ಲಿ ಎಂಬುದನ್ನೂ ಪಿಸುಗುಟ್ಟಿಯೇ ಕೇಳಬೇಕು. ವಾರ ಕಳೆಯುವಷ್ಟರಲ್ಲಿ ಡ್ರೈವರು ಬಂದು ಬಾಗಿಲು ಬಡಿದರು.

"ಅತ್ತಿಗೆ ಹುಷಾರಾಗಿದ್ದಾರಾ, ಟೈಲರಣ್ಣ? ಒಂದು ಮಾತೂ ಕೇಳಿಸ್ತಿಲ್ಲ. ನಿಮ್ಮ ಜಗಳ ಕೇಳ್ತಿದ್ರೆ ನಮ್ಮನೇಲೂ ಯಾರೋ ಇದ್ದ ಹಾಗಿರೋದು. ಈಗ ನಿದ್ದೇನೇ ಹತ್ತಲ್ಲ."

ಟೈಲರ ಕಣ್ಣು ತುಂಬಿ ಬಂತು. ಕೈ ಹಿಡಿದು ಒಳಗೆ ಕರೆದು, "ಇನ್ಮೇಲೆ ದಿನಾ ಇಲ್ಲೇ ಬಂದು ಕೂತ್ಕೊಳ್ಳಿ," ಎಂದರು.

"ಬರ್ತೀನಿ. ಆದ್ರೆ ಒಂದು ಮಾತು. ಫ್ಯಾನ್ ವಿಷಯದಲ್ಲಿ ಅತ್ತಿಗೆ ಹೇಳೋದೇ ಸರಿ. ಅಷ್ಟು ಜೋರಾಗಿ ಹಾಕಿದ್ರೆ ಮಂಡಿ ಹಿಡಿಯದೆ ಇರುತ್ತಾ? ಎಷ್ಟೋ ಸಲ ಗೋಡೆಯಾಚೆಯಿಂದಲೇ ಕೂಗಿ ಹೇಳೋಣ ಅನ್ನಿಸಿತ್ತು."

ಡ್ರೈವರ ಗಡ್ಡ ಹೋಯಿತು. ಟೈಲರ ನೆಮ್ಮದಿಯೂ ಹೋಯಿತು. ಯಾವ ಜಗಳವಾದರೂ ಎದುರು ಪಕ್ಷದಲ್ಲಿ ಇಬ್ಬರು. ಒಂದು ಸಂಜೆ ರೋಸಿಹೋಗಿ, ಡ್ರೈವರಿಂದ ಬೀಗದ ಕೈ ಇಸಿದುಕೊಂಡು, ಅವರ ಮನೆಯಲ್ಲಿ ಹೋಗಿ ಕುಳಿತರು. ಫ್ಯಾನನ್ನು ಮನಸಾರೆ ಜೋರಾಗಿ ಹಾಕಿಕೊಂಡರು. ಬೇಡ ಎನ್ನುವವರೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅದನ್ನೇ ತಡೆಯಲಾಗಲಿಲ್ಲ. ಮೆಲ್ಲನೆ ಗೋಡೆಗೆ ಕಿವಿಯಿಟ್ಟರು. ಆಚೆ ಇಬ್ಬರೂ ನಗುತ್ತಿದ್ದರು. ಇವರ ಸುದ್ದಿಯೇ ಇಲ್ಲ.

ಟೈಲರು ಗೋಡೆ ಗುದ್ದಿ, ಹಳೇ ಜಗಳವನ್ನೇ ಎತ್ತಿ ಕೂಗಿದರು: "ನಮ್ಮನೇಲಿ ಫ್ಯಾನ್ ಆರಿಸಿದ್ದು ಯಾರೇ?"

"ನಾನೇ ಕಣ್ರೀ! ಏನೀಗ?"

ಟೈಲರಿಗೆ ಹೋದ ಜೀವ ಬಂದ ಹಾಗಾಯಿತು. ಎದ್ದು, ಗಿರಗಿರನೆ ತಿರುಗುತ್ತಿದ್ದ ಫ್ಯಾನನ್ನು ತಾವೇ ಆರಿಸಿ, ಸೋಲಲು ಮನೆಗೆ ಓಡಿದರು.